ಮಹದೇವನ ಕೈಗುಣ

ಎಲ್ಲದಕ್ಕೂ ಮೂಲ ಒಂದು ವಾಶರ್. ಹೆಬ್ಬೆರಳ ಉಗುರಿನಷ್ಟು ಅಗಲದ ಕಪ್ಪು ರಬ್ಬರ್ ಬಿಲ್ಲೆ. ಅದು ಸವೆದು, ಚೆನ್ನೈ ಅಡ್ಯಾರಿನ ಬಾಡಿಗೆ ಮನೆಯ ಅಡುಗೆಮನೆ ನಲ್ಲಿ ತೊಟ್ಟಿಕ್ಕತೊಡಗಿದ್ದು, ಮಹದೇವನ ಅತ್ತೆ ಸಾಕಮ್ಮನವರು ಕೊಳ್ಳೇಗಾಲದಿಂದ ಬಂದಿಳಿದ ದಿನವೇ.

"ಅಳಿಮಯ್ಯ, ನಲ್ಲಿ ಅಳ್ತಾ ಅದೆ ಕನಿ," ಎಂದರು ಸಾಕಮ್ಮ.

ಒಂದು ಗಂಟೆ ಬಿಟ್ಟು, "ಇನ್ನೂವೆ ಅಳ್ತಾ ಅದೆ," ಎಂದರು.

ಮರುದಿನ ನಲ್ಲಿಯ ಕೆಳಗೊಂದು ಪಾತ್ರೆ ಇಟ್ಟು, "ನಿಮ್ ಮಾವ ಇದ್ದಾಗ ಇಡೀ ಬೀದಿ ಮುಂದೆ ಪಂಪ್‌ಸೆಟ್ಟೇ ಬಿಚ್ಚಿ ಹರಡೋರು. ಪಾಪ, ಅವರ್ಗೆ ಇಂಗ್ಲಿಷ್ ಬತ್ತಿರ್ನಿಲ್ಲ," ಎಂದು ನಿಟ್ಟುಸಿರಿಟ್ಟರು.

ಮಹದೇವ ಅಲ್ಲೇ ಹತ್ತಿರದ ಗಿಂಡಿ ಬಡಾವಣೆಯ ಕಂಪನಿಯೊಂದರಲ್ಲಿ ಕ್ವಾಲಿಟಿ ಆಡಿಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಅವನ ವೃತ್ತಿ. ತಾನು ಏನೂ ಮಾಡದಿರುವುದು ಪ್ರವೃತ್ತಿ. ಮದುವೆಯಾದ ಹೊಸದರಲ್ಲಿ ಕ್ಯಾಲೆಂಡರಿಗೆಂದು ಮೊಳೆ ಹೊಡೆಯಹೋಗಿ, ಮೊಳೆ ನೆಟ್ಟಗೇ ಉಳಿದು ಹೆಬ್ಬೆರಳು ಬಾಗಿದ್ದನ್ನು ಹೆಂಡತಿ ತೇಜು ಇನ್ನೂ ಮರೆತಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಟೀವಿಯಲ್ಲಿ ‘ಕೈ ಹಾಕಿ ನೋಡಿ’ ಶುರುವಾಗಿತ್ತು. ಮನೆಯ ಕೈಕೆಲಸ ಕಲಿಸುವ ಹೊಸ ಸರಣಿ, ಪ್ರತಿ ಶನಿವಾರ ಸಂಜೆ ಏಳಕ್ಕೆ. ನಿರೂಪಕ ಅನಿಕೇತ್, ದನಿಗೂ ಇಸ್ತ್ರಿ ಹಾಕಿಸಿಕೊಂಡು ಬರುವ ಆಸಾಮಿ. "ಹಾಯ್ ವೀಕ್ಷಕರೇ! ಇವತ್ತು ನಾವು ಏನ್ ಬಿಚ್ಚೋಣಾಆಆ?" ಎಂದು ಅವನು ರಾಗ ಎಳೆದ ಮರುಕ್ಷಣ ತೆರೆಯ ತುಂಬ ಎರಡು ಕೈ ಕಾಣಿಸಿಕೊಳ್ಳುತ್ತಿದ್ದವು. ಆಹಾ, ಆ ಕೈಗಳು! ಬೀಗ, ಇಸ್ತ್ರಿಪೆಟ್ಟಿಗೆ, ಗ್ಯಾಸ್ ಒಲೆ ಎಲ್ಲವೂ ಅವುಗಳ ಮುಂದೆ ಬಾಳೆಹಣ್ಣಿನ ಹಾಗೆ ಸುಲಿದುಕೊಂಡು ನಿಲ್ಲುತ್ತಿದ್ದವು. ಕೊನೆಗೆ ಮತ್ತೆ ಅನಿಕೇತನ ಮುಖ: "ನೋಡಿದ್ರಾ? ಕೈಲಾಗದ್ದು ಏನೂ ಇಲ್ಲಾಆಆ!"

ಮೂರು ಮಹಡಿಯ ಆ ಕಟ್ಟಡದಲ್ಲಿ ಸರಣಿಗೆ ಮೂರು ವಿಮರ್ಶೆಗಳಿದ್ದವು. ಕೆಳಮನೆಯ ಶಂಕರನಾರಾಯಣ ರಾಯರು ಉಡುಪಿ ಕಡೆಯವರು, ಹೋಟೆಲ್ ನಡೆಸುವವರು. "ಎಂತ ಪ್ರೋಗ್ರಾಂ ಮಾರಾಯ್ರೆ! ಅದನ್ನು ನೋಡಿ ನಮ್ಮ ಸಪ್ಲಾಯರುಗಳೆಲ್ಲ ಸೇರಿ ಗ್ರೈಂಡರ್ ಬಿಚ್ಚಿ ಹಾಕಿದ್ದಾರೆ. ಎರಡು ದಿವಸ ಇಡ್ಲಿ ಇಲ್ಲ, ಬರೀ ಉಪ್ಪಿಟ್ಟು. ಆದ್ರೆ ಪ್ರೋಗ್ರಾಂ ಒಳ್ಳೇದುಂಟು," ಎನ್ನುತ್ತಿದ್ದರು. ಮೇಲ್ಮನೆಯ ಜಾನಕಮ್ಮ ಐವತ್ತು ವರ್ಷದಿಂದ ಮದ್ರಾಸಿನವರು. ಅವರು ನೋಡುತ್ತಿದ್ದದ್ದು ಅನಿಕೇತನ ಅಂಗಿಗಳನ್ನು ಮಾತ್ರ. ನಡುಮನೆಯ ತೇಜುವಿನದು ಒಂದೇ ತಕರಾರು. "ಮುಖ ನೋಡಿದ್ರೆ ಫೇಶಿಯಲ್ ಮಾಡಿಸ್ದಂಗಿದೆ, ಹೆಬ್ಬೆರಳು ನೋಡಿದ್ರೆ ಉಗುರು ಕಪ್ಪು ಕಟ್ಟಿದೆ. ಒಬ್ಬನೇ ಮನುಷ್ಯನಲ್ಲಿ ಇಷ್ಟೊಂದು ವ್ಯತ್ಯಾಸನಾ?"

"ಅದಕ್ಕೇ ಶ್ರಮಜೀವನ ಅನ್ನೋದು," ಎಂದಿದ್ದ ಮಹದೇವ, ಸೋಫಾದಲ್ಲಿ ಒರಗಿಕೊಂಡು.

ಹಿಂದಿನ ಭಾನುವಾರ ತಾಯಿ ಮಗಳು ಗುಡಿಗೆ ಹೋಗಿದ್ದಾಗ ಅವನು ಗುಟ್ಟಾಗಿ ಪ್ಲಂಬರ್ ಚಂದುವನ್ನು ಕರೆಸಿದ. ಕುಂದಾಪುರದಿಂದ ಹೋಟೆಲ್ ಕೆಲಸಕ್ಕೆಂದು ಬಂದು ಪೈಪುಗಳಿಗೆ ಒಲಿದವನು ಚಂದು. ಐದೇ ನಿಮಿಷದಲ್ಲಿ ಹೊಸ ವಾಶರ್ ಹಾಕಿ ಹೊರಟುಹೋದ. ಅವನ ಬೆನ್ನಿಗೇ ಮಹದೇವ ಅಂಗಿಗೆ ನೀರು ಚಿಮುಕಿಸಿಕೊಂಡು, ಕೆನ್ನೆಗೆ ಬಾಗಿಲ ತಿರುಗಣಿಯ ಎಣ್ಣೆಮಸಿ ಬಳಿದುಕೊಂಡು, ಸ್ಪ್ಯಾನರ್ ಹಿಡಿದು ನಿಂತ. ಸಾಕಮ್ಮ ಬಂದರು, ನಲ್ಲಿ ನೋಡಿದರು, ಅಳಿಯನನ್ನು ನೋಡಿದರು. "ಅಳು ನಿಂತದೆ," ಎಂದರು. ಆ ದಿನ ಅವನ ಮುದ್ದೆಗೆ ಎರಡು ಚಮಚ ತುಪ್ಪ ಹೆಚ್ಚಿಗೆ ಬಿತ್ತು.

ಆ ತುಪ್ಪ ನೇರ ತಲೆಗೇರಿತು. ರಾತ್ರಿಯೇ ತನ್ನ ಫೋಟೋ ಲಗತ್ತಿಸಿ ಚಾನೆಲ್ಲಿಗೊಂದು ವಾಯ್ಸ್ ಮೆಸೇಜ್ ಕಳಿಸಿದ: "ನಿಮ್ಮ ಸರಣಿ ನೋಡಿ, ಯಾರ ನೆರವೂ ಇಲ್ಲದೆ, ನನ್ನ ಕೈಯಾರೆ ನಲ್ಲಿ ರಿಪೇರಿ ಮಾಡಿದೆ. ನೀವು ನನ್ನ ಬಾಳಿಗೇ ಹೊಸ ವಾಶರ್ ಹಾಕಿದ್ದೀರಿ!"

ಈ ಶನಿವಾರ ಅದು ಅವನ ಫೋಟೋ ಸಮೇತ ಪ್ರಸಾರವಾಯಿತು. ಹತ್ತು ನಿಮಿಷಕ್ಕೆ ಡೈರೆಕ್ಟರ್ ಹರ್ಷಿಣಿಯ ಫೋನು. "ಸರ್, ನಮ್ ಶೂಟಿಂಗ್ ನಡೆಯೋದು ಚೆನ್ನೈಲೇ, ಕೋಯಂಬೇಡು ಹತ್ರ. ನಾಳೆ ನಾಲ್ಕಕ್ಕೆ ನಿಮ್ಮನೆಗೇ ಬರ್ತೀವಿ. ವೀಕ್ಷಕರ ಸ್ಪೆಷಲ್. ಅದೇ ನಲ್ಲೀನ ಬಿಚ್ಚಿ ಜೋಡಿಸಿ ತೋರಿಸ್ಬಿಡಿ, ಅಷ್ಟೇ."

ಮಹದೇವ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಸಾಕಮ್ಮ ಇನ್ನೊಂದು ಫೋನಿನಲ್ಲಿ ಕೊಳ್ಳೇಗಾಲದ ತಮ್ಮನಿಗೆ ಹೇಳಿ ಮುಗಿಸಿದ್ದರು. "ಟೀವಿ ಜಗುಲಿಗೆ ಇಕ್ಕುಸ್ಲಾ. ಬೀದಿಯೋರೆಲ್ಲ ನೋಡ್ಲಿ. ಎಂಥಾ ಅಳಿಯನ್ನ ತಂದಿವ್ನಿ ಅಂತ ಗೊತ್ತಾಗ್ಲಿ!"

ಇನ್ನು ಸಿಕ್ಕಿಬಿದ್ದರೆ ಬರೀ ಅಡ್ಯಾರಿನಲ್ಲಲ್ಲ, ಇಡೀ ಕೊಳ್ಳೇಗಾಲದ ಜಗುಲಿಯ ಮೇಲೆ ಮಾನ ಹೋಗುವುದಿತ್ತು.

ಭಾನುವಾರ ಎದ್ದವನೇ ಬಾಲ್ಕನಿಗೆ ಹೋಗಿ ಚಂದುವಿಗೆ ಫೋನು ಹಚ್ಚಿದ. "ಚಂದು, ಮಧ್ಯಾಹ್ನದ ಒಳಗೆ ಬಂದು ಆ ನಲ್ಲಿ ಬಿಚ್ಚೋದು ಹೇಳ್ಕೊಡು ಮಾರಾಯ."

"ಇವತ್ತು ಆಗುದಿಲ್ಲ ಸಾರ್. ಬೇರೆ ಡ್ಯೂಟಿ ಉಂಟು."

"ಭಾನುವಾರ ಎಂಥ ಡ್ಯೂಟಿ?"

"ಅದು ಹೇಳ್ಲಿಕ್ಕೆ ಇಲ್ಲ ಸಾರ್. ಸೈನ್ ಹಾಕಿಸಿಕೊಂಡಿದ್ದಾರೆ."

ಪ್ಲಂಬರನಿಗೂ ರಾಜರಹಸ್ಯವೇ ಎಂದು ಮಹದೇವ ಬೆರಗಾಗಿ ನಿಂತಿರುವಾಗಲೇ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಶಂಕರನಾರಾಯಣ ರಾಯರು, ಕಂಕುಳಲ್ಲಿ ಮಿಕ್ಸಿ. "ನಿನ್ನೆ ನೋಡಿದೆ ಮಹದೇವರೇ! ನೀವು ಇಷ್ಟು ದೊಡ್ಡ ಜನ ಅಂತ ಗೊತ್ತೇ ಇರ್ಲಿಲ್ಲ. ಇದೊಂದು ಕರಕರ ಅಂತದೆ, ಚೂರು ನೋಡಿ."

"ಇವತ್ತು ಸ್ವಲ್ಪ..."

"ಕೊಡಿ ಕೊಡಿ, ಐದ್ ನಿಮಿಷದ ಕೆಲ್ಸ," ಎಂದು ಒಳಗಿನಿಂದ ಸಾಕಮ್ಮ ಕೂಗಿದರು.

ಬಿಚ್ಚುವುದು ಸುಲಭವಾಗಿಯೇ ಆಯಿತು. ಜೋಡಿಸಿದ ಮೇಲೆ ನೋಡಿದರೆ ಮೂರು ಸ್ಕ್ರೂ ಮಿಕ್ಕಿದ್ದವು. "ಪರವಾಗಿಲ್ಲ, ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ," ಎಂದು ರಾಯರೇ ಸಮಾಧಾನ ಹೇಳಿ ಸ್ವಿಚ್ ಒತ್ತಿದರು. ಮಿಕ್ಸಿ ಯಕ್ಷಗಾನದ ರಾಕ್ಷಸವೇಷದಂತೆ ಒಮ್ಮೆ ಅಬ್ಬರಿಸಿ, ಮೇಜಿನ ಮೇಲೆ ಗಿರಕಿ ಹೊಡೆದು, ಅಂಚಿನವರೆಗೆ ಕುಣಿಯುತ್ತ ಬಂದು ರಂಗದಿಂದ ಕೆಳಗೆ ಧುಮುಕಿತು. ರಾಯರು ಚೂರುಗಳನ್ನು ಲುಂಗಿಯಲ್ಲಿ ಆಯ್ದುಕೊಂಡರು. "ಇರ್ಲಿ. ಟೀವಿಯಲ್ಲಿ ಬಂದವರ ಕೈಯಲ್ಲಿ ಹೋಯ್ತಲ್ಲ, ಅದೂ ಒಂದು ಮರ್ಯಾದೆಯೇ."

ಅವರು ಇಳಿಯುವಷ್ಟರಲ್ಲಿ ಜಾನಕಮ್ಮ ಬಂದು ಕೈಹಿಡಿದೇ ಮಹಡಿಗೆ ಎಳೆದುಕೊಂಡು ಹೋದರು. "ತಂಬಿ, ನಮ್ಮ ಫ್ಯಾನು ಸುತ್ತದೇ ಇಲ್ಲ ಪಾ. ಎರಡು ವಾರದಿಂದ ಸುಮ್ಮಾ ತೂಗಾಡ್ತಾ ಇದೆ." ಮಹದೇವ ಮೆಯಿನ್ ಆರಿಸಿ, ಸ್ಟೂಲ್ ಹತ್ತಿ, ಕಣ್ಣು ಮುಚ್ಚಿ ಎರಡು ತಂತಿಗಳನ್ನು ಅದಲುಬದಲು ಮಾಡಿದ. ಫ್ಯಾನು ತಿರುಗಿತು, ಆದರೆ ಹಿಂದುಮುಂದಾಗಿ. ಗಾಳಿಯೆಲ್ಲ ಮೇಲಕ್ಕೇ ಹೋಗಿ ಸೂರಿನ ಜೇಡರಬಲೆ ಹಾರತೊಡಗಿತು.

ಜಾನಕಮ್ಮ ಕತ್ತೆತ್ತಿ ನೋಡಿದರು. "ಇದೂ ನಲ್ಲದೇ, ಒಳ್ಳೇದೇ ಆಯ್ತು ತಂಬಿ. ಧೂಳೆಲ್ಲ ಮೇಲೆ ಹೋಗತ್ತೆ, ನನ್ನ ತಲೆಗೆ ಬೀಳಲ್ಲ."

ಭಕ್ತರ ನಂಬಿಕೆ ಹೀಗೆ ಪ್ರತಿ ಸೋಲಿಗೂ ಬಲವಾಗುತ್ತ ಹೋಯಿತು. ಊಟವಾದ ಮೇಲೆ ಅಭ್ಯಾಸಕ್ಕೆಂದು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡು ಅಲ್ಲಿಯ ನಲ್ಲಿಯ ತಲೆ ತಿರುಗಿಸಿದ. ನಲ್ಲಿಯ ತಲೆ ಕೈಗೆ ಬಂತು. ಅದರ ಹಿಂದೆಯೇ ಕಟ್ಟಡದ ಇಡೀ ಟ್ಯಾಂಕು ಅವನ ಎದೆಗೆ ಬಂತು. ಅವನ ಕೂಗು ಕೇಳಿ ಸಾಕಮ್ಮ ಬಾಲ್ಕನಿಗೆ ಹೋಗಿ ಸ್ನಾನದ ಮನೆಯ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದರು.

"ಮೊದ್ಲು ವಾಲು ಕಟ್ಬೇಕು ಅಂತ ಆ ಟೀವಿನೋರು ಹೇಳ್ಕೊಡ್ನಿಲ್ವಾ ಅಳಿಮಯ್ಯ?"

"ಅದು... ಮುಂದಿನ ಸಂಚಿಕೇಲಿ ಹೇಳ್ತಾರಂತೆ ಅತ್ತೆ," ಎಂದ ಮಹದೇವ, ಮೀಸೆಯಿಂದ ನೀರು ಹಿಂಡಿಕೊಳ್ಳುತ್ತ. ಸಾಕಮ್ಮ ಅವನ ಕೈಗೊಂದು ಟವೆಲ್ ಕೊಟ್ಟು ಹುರುಳಿ ಆರಿಸಲು ಕೂತರು.

ನಾಲ್ಕಕ್ಕೆ ವ್ಯಾನು ಬಂತು. ಹರ್ಷಿಣಿ ಬಂದಳು, ಕ್ಯಾಮೆರಾ ಬಂತು, ದೀಪಗಳು ಬಂದವು, ಅನಿಕೇತ್ ಬಂದ. ಅಕ್ಕಪಕ್ಕದವರೆಲ್ಲ ಹಾಲಿನಲ್ಲಿ ಜಮಾಯಿಸಿದರು. ಹರ್ಷಿಣಿ ಎಲ್ಲರನ್ನೂ ತೇಜುವಿನ ಸಮೇತ ಮೆಟ್ಟಿಲಿಗೆ ಅಟ್ಟಿ ಬಾಗಿಲು ಹಾಕಿದಳು. ಸಾಕಮ್ಮ ಮಾತ್ರ ಜಗ್ಗಲಿಲ್ಲ. "ಒಲೆ ಮ್ಯಾಲೆ ಹುರುಳಿ ಬೇಯ್ತಾ ಅದೆ," ಎಂದು ಮೂಲೆಯಲ್ಲಿ ಕೂತೇ ಇದ್ದರು.

ಅನಿಕೇತನನ್ನು ಹತ್ತಿರದಿಂದ ನೋಡಿದರೆ ಕೈಬೆರಳುಗಳೂ ಫೇಶಿಯಲ್ ಮಾಡಿಸಿದಂತಿದ್ದವು. ಅವನು ಉಪಕರಣದ ಚೀಲದಿಂದ ಕಟಿಂಗ್ ಪ್ಲೇಯರ್ ಎತ್ತಿಕೊಂಡು, "ಇದೇ ಅಲ್ವಾ ಸ್ಪ್ಯಾನರ್?" ಎಂದ.

ಮಹದೇವನಿಗೆ ತನಗಿಂತ ದೊಡ್ಡವನೊಬ್ಬನ ದರ್ಶನವಾದಂತಾಯಿತು.

"ಸರ್, ನೀವೂ ಒಂದು ಸೈನ್ ಹಾಕಿ. ಇಲ್ಲಿ ನಡೆದದ್ದು ಹೊರಗೆ ಹೇಳೋ ಹಾಗಿಲ್ಲ," ಎಂದು ಕಾಗದ ಮುಂದಿಟ್ಟಳು ಹರ್ಷಿಣಿ. ಅವನು ಸಹಿ ಹಾಕಿದ. "ಈಗ ಟೆನ್ಶನ್ ಬಿಡಿ. ಮುಖ ನಿಮ್ದು. ಕೈ ನಮ್ದು. ಏಯ್, ಕೈಯನ್ನ ಕರೀರಿ!"

ದೀಪದ ಕಂಬಗಳ ಹಿಂದಿನಿಂದ ತಲೆ ಬಗ್ಗಿಸಿಕೊಂಡು ಬಂದವನು ಚಂದು. ಹೆಬ್ಬೆರಳ ಉಗುರು ಕಪ್ಪು ಕಟ್ಟಿತ್ತು.

"ನೀನಾ!"

"ಡ್ಯೂಟಿ ಅಂದೆನಲ್ಲ ಸಾರ್," ಎಂದು ಚಂದು ಹಲ್ಲು ಬಿಟ್ಟ. "ಕನ್ನಡ, ತಮಿಳು, ತೆಲುಗು, ಮಲಯಾಳ, ನಾಲ್ಕಕ್ಕೂ ಕೈ ನನ್ನದೇ. ಮುಖ ಮಾತ್ರ ಬೇರೆ ಬೇರೆ. ಕಸೂತಿ ಎಪಿಸೋಡಿಗೆ ಬಳೆ ಸಹ ಹಾಕಿಸಿದ್ದಾರೆ."

ಮಹದೇವನಿಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಅಪ್ಪಿಕೊಳ್ಳುವ ಬದಲು ಅಂಗಿ, ಕೈಗಡಿಯಾರ ಬಿಚ್ಚಿ ಕೊಟ್ಟ. ಚಂದು ಅವನ್ನು ತೊಟ್ಟುಕೊಂಡು ಮಹದೇವನ ಕೈಯಾದ. ಮಹದೇವ ಅದೇ ಬಣ್ಣದ ಇನ್ನೊಂದು ಅಂಗಿ ತೊಟ್ಟು ತನ್ನದೇ ಮುಖವಾದ.

"ಮೊದಲು ನೀರು ಬರೋ ಶಾಟ್ ತೆಗೆದುಬಿಡೋಣ. ಕಿಟಕೀಲಿ ಬಿಸಿಲು ಚೆನ್ನಾಗಿದೆ," ಎಂದಳು ಹರ್ಷಿಣಿ. ಮಹದೇವ ನಲ್ಲಿ ತಿರುಗಿಸಿ, ಥಳಥಳ ಸುರಿಯುವ ನೀರನ್ನು ನೋಡಿ, ಗಂಗೆಯನ್ನು ತಾನೇ ಇಳಿಸಿದವನಂತೆ ನಕ್ಕ. ಆಮೇಲೆ ಅನಿಕೇತ್ ಹೊಗಳಿದ. ಕೊನೆಗೆ ಅಡುಗೆಮನೆಯ ವಾಲ್ವ್ ಕಟ್ಟಿ ಚಂದುವಿನ ಕೈಗಳು ಇಳಿದವು: ಹಿಡಿ ಬಂತು, ಕೊಳವೆ ಬಂತು, ಕಡ್ಡಿ ಬಂತು, ವಾಶರ್ ಬಂತು. ಒಂದೊಂದನ್ನೂ ಕ್ಯಾಮೆರಾಕ್ಕೆ ತೋರಿಸಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟ.

"ಸೂಪರ್! ಪ್ಯಾಕಪ್! ತೆಲುಗಿನವರು ಕಾಯ್ತಿದಾರೆ, ಬೇಗ ಬೇಗ!"

ಎರಡು ನಿಮಿಷದಲ್ಲಿ ದೀಪ, ಕ್ಯಾಮೆರಾ, ಅನಿಕೇತ್ ಎಲ್ಲ ಮಾಯ. ಅಂಗಿ ಮರಳಿಸಿ, ಬಾಗಿಲು ಎಳೆದುಕೊಂಡು ಕೊನೆಗೆ ಓಡಿದವನು ಚಂದು. ವ್ಯಾನು ಹೊರಟ ಸದ್ದು ಕೇಳಿದ ಮೇಲೆಯೇ ಮಹದೇವನಿಗೆ ಹೊಳೆದದ್ದು: ನೀರು ಬರುವ ಶಾಟನ್ನು ಮೊದಲೇ ತೆಗೆದಾಗಿತ್ತು. ಮತ್ತೆ ಜೋಡಿಸುವ ಅಗತ್ಯ ಟೀವಿಗೆ ಇರಲಿಲ್ಲ.

ಕಟ್ಟೆಯ ಮೇಲೆ ನಲ್ಲಿ ನಾಲ್ಕು ತುಂಡಾಗಿ ಮಲಗಿತ್ತು. ಚಂದುವಿನ ಫೋನು ಸ್ವಿಚ್ ಆಫ್. ಹೊರಗೆ ಬಾಗಿಲು ಬಡಿತ. "ಮಹದೇವರೇ, ತೆಗೀರಿ ಮಾರಾಯ್ರೆ! ನಲ್ಲಿ ನೋಡ್ಬೇಕು!" "ತಂಬಿ, ಕೊಂಚ ತೋರ್ಸಪ್ಪಾ!"

ಮಹದೇವ ಕಡ್ಡಿಯನ್ನು ಕೊಳವೆಗೆ ತುರುಕಿ ನೋಡಿದ, ಕೊಳವೆಯನ್ನು ಕಡ್ಡಿಗೆ ತುರುಕಿ ನೋಡಿದ. ಅವನ ಮೊಣಕೈ ತಗುಲಿ ವಾಶರ್ ಉರುಳಿತು. ಒಲೆಯ ಬಳಿ ಕೂತಿದ್ದ ಸಾಕಮ್ಮ ಕಾಲಿನಿಂದ ಅದನ್ನು ಒತ್ತಿ ಹಿಡಿದರು.

"ಹೋದ್ ವಾರ ಗುಡಿಯಿಂದ ಬರೋವಾಗ್ಲೇ ಇದೇ ಹುಡುಗ ಗೇಟಲ್ಲಿ ಎದುರಾಗಿದ್ದ ಕನಿ," ಎಂದರು ತಣ್ಣಗೆ. "ಚೀಲದಲ್ಲಿ ಸ್ಪ್ಯಾನರು, ಬೆರಳಲ್ಲಿ ಕಪ್ಪು ಉಗುರು."

"ಅತ್ತೆ, ನಾನು..."

"ಸುಮ್ಕಿರಿ. ನಿಮ್ ಮಾವನೂ ಹಿಂಗೇಯ. ಬೀದಿಯೋರ ಮುಂದೆ ಪಂಪ್‌ಸೆಟ್ ಬಿಚ್ಚಿ ಹರಡೋರು. ಬಿಚ್ಚಾಕೆ ಮಾತ್ರ ಬತ್ತಿತ್ತು. ಮೂವತ್ತು ವರ್ಸ ಜೋಡುಸ್ದೋಳು ನಾನು."

ಹಾಗೆಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ವಾಶರನ್ನು ಸೆರಗಿನ ತುದಿಯಲ್ಲಿ ಒರೆಸಿ ಎದ್ದರು. ಹುರುಳಿ ಒಂದು ಕುದಿ ಬರುವಷ್ಟರಲ್ಲಿ ನಲ್ಲಿ ಜಾಗದಲ್ಲಿತ್ತು, ವಾಲ್ವೂ ತೆರೆದಿತ್ತು. ಮಹದೇವ ಅವರ ಕಾಲಿಗೇ ಬಿದ್ದ. ಮಾನ ಉಳಿಯಿತು, ಕೊಳ್ಳೇಗಾಲ ಉಳಿಯಿತು, ಮಂಗಳವಾರ ಹೇಗೂ ಅತ್ತೆ ಊರಿಗೆ ಹೊರಡುತ್ತಾರೆ, ಅಲ್ಲಿಗೆ ಗುಟ್ಟೂ ಅವರ ಜೊತೆಗೇ ಹೊರಟುಹೋಗುತ್ತದೆ!

ಬಾಗಿಲು ತೆರೆದ. ತೇಜು, ರಾಯರು, ಜಾನಕಮ್ಮ ಎಲ್ಲ ನುಗ್ಗಿ ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ಚಪ್ಪಾಳೆ ತಟ್ಟಿದರು. ಸಾಕಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: "ನಾಳಿಂದ ಯಾರ ಮನೇಲಿ ಏನ್ ಕೆಟ್ರೂ ತನ್ನಿ. ದಿನಾ ಸಂಜೆ ಆರರಿಂದ ಒಂಬತ್ತರ ಗಂಟ ನಮ್ ಅಳಿಮಯ್ಯ ಕೂತಿರ್ತಾರೆ."

ಆಮೇಲೆ ಅಳಿಯನ ಕಿವಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ, "ಊರ್ಗೆಲ್ಲ ಹೇಳ್ಬುಟ್ಟಿವ್ನಿ, ಸುಳ್ಳಾಗ್ಬಾರ್ದು. ಮಂಗಳ್ವಾರದ ಟಿಕೀಟು ವಾಪಸ್ ಮಾಡ್ಸಿ. ನಿಮ್ಗೆ ಜೋಡ್ಸಾಕೆ ಬರೋ ಗಂಟ ನಾನು ಇಲ್ಲೇ ಇರ್ತೀನಿ," ಎಂದರು.

ರಾಯರು ಆಗಲೇ ಮಿಕ್ಸಿಯ ಚೂರುಗಳನ್ನು ತರಲು ಮೆಟ್ಟಿಲಿಳಿಯುತ್ತಿದ್ದರು. ಅಡುಗೆಮನೆಯಲ್ಲಿ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ನಲ್ಲಿ ಅಳು ನಿಲ್ಲಿಸಿತ್ತು. ಮಹದೇವನಿಗೆ ಆಗಷ್ಟೇ ಶುರುವಾಗುವಂತಿತ್ತು.