ಎಂಟನೇ ತರಗತಿಯ ಗಂಟಲು

ಎಂಟನೇ ತರಗತಿಗೆ ಕನ್ನಡ ಪಾಠ ಮಾಡುತ್ತ ಇಪ್ಪತ್ತೆರಡು ವರ್ಷವಾಯಿತು. ಜೂನ್ ತಿಂಗಳಲ್ಲಿ ಬಂದು ಕೂತ ಮಕ್ಕಳು ದೀಪಾವಳಿ ರಜೆಯ ಹೊತ್ತಿಗೆ ಇರುವುದಿಲ್ಲ. ಅದೇ ಸಮವಸ್ತ್ರದಲ್ಲಿ, ಅದೇ ಹೆಸರಿಗೆ ಹಾಜರಿ ಹೇಳುತ್ತ ಬೇರೆ ಯಾರೋ ಕೂತಿರುತ್ತಾರೆ. ಇದು ಪ್ರತಿ ವರ್ಷವೂ ಆಗುತ್ತದೆ, ಮೊದಲ ಸಲ ಆದಂತೆ ಪ್ರತಿ ವರ್ಷವೂ ಎಲ್ಲರೂ ಗಾಬರಿಯಾಗುತ್ತಾರೆ. ಕೆಳಗಿನವು ಬೇವೂರಿನ ಕಡೆ ನಾನು ಕಲಿಸುವ ಹೈಸ್ಕೂಲಿನಲ್ಲಿ ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ನಡೆದವು.

ಹೆಸರಿಲ್ಲದ ಪೆಟ್ಟಿಗೆ

ಈ ವಯಸ್ಸಿನ ಮಕ್ಕಳಿಗೆ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿರುತ್ತವೆ, ಅವನ್ನು ಹೆಸರಿಲ್ಲದೆ ಬರೆದು ಹಾಕಲು ತರಗತಿಯಲ್ಲಿ ಒಂದು ಪೆಟ್ಟಿಗೆ ಇಡಿ ಎಂದು ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ಚಾಕ್‌ಪೀಸಿನ ಖಾಲಿ ಪೆಟ್ಟಿಗೆಗೆ ಕಾಗದ ಅಂಟಿಸಿ, ಮೇಲೆ ಸೀಳು ಮಾಡಿ ಇಟ್ಟೆ. ಯಾರೂ ಹೆಸರು ಬರೆಯಬಾರದು ಎಂದು ಮೂರು ಸಲ ಹೇಳಿದೆ.

ಶನಿವಾರ ತೆಗೆದಾಗ ಹನ್ನೊಂದು ಚೀಟಿಗಳಿದ್ದವು. ಹತ್ತರಲ್ಲಿ ಹೆಸರು, ತರಗತಿ, ಹಾಜರಿ ಸಂಖ್ಯೆ ಎಲ್ಲ ಇದ್ದವು. ತಪ್ಪು ನನ್ನದೇ. ಹಿಂದಿನ ತಿಂಗಳಷ್ಟೇ ಪತ್ರಲೇಖನ ಕಲಿಸಿದ್ದೆ. ಯಾರು ಬರೆದದ್ದು, ಯಾರಿಗೆ, ವಿಷಯ ಏನು, ಸ್ಥಳ, ದಿನಾಂಕ ಎಂದು ಒಂದೊಂದಕ್ಕೂ ಅರ್ಧ ಅಂಕ ಇಟ್ಟು, ಬಿಟ್ಟವರಿಗೆ ನಿರ್ದಯವಾಗಿ ಕಳೆದಿದ್ದೆ. ಹೀಗಾಗಿ ಒಬ್ಬಳು "ವಿಷಯ: ಮೊಡವೆ ಬಂದಿರುವ ಕುರಿತು" ಎಂದು ಬರೆದಿದ್ದಳು. ಒಬ್ಬ "ವಿಷಯ: ಅಪ್ಪ ಎದುರಿಗೆ ಬಂದರೆ ಸುಮ್ಮಸುಮ್ಮನೆ ಸಿಟ್ಟು ಬರುವ ಕುರಿತು" ಎಂದು ಬರೆದು ಕೊನೆಗೆ "ತಮ್ಮ ವಿಧೇಯ ವಿದ್ಯಾರ್ಥಿ" ಎಂದು ಸಹಿ ಮಾಡಿದ್ದ.

ಬೆಳಗಿನ ಪ್ರಾರ್ಥನೆ ಹಾಡುವ ಹುಡುಗನ ಪತ್ರವೂ ಇತ್ತು. ಇಡೀ ಶಾಲೆಯಲ್ಲಿ ಅವನಂತೆ ಹಾಡುವವರಿರಲಿಲ್ಲ. ಅವನಿಗೆ ಅದು ಬಿಟ್ಟರೆ ಬೇರೆ ಹೆಚ್ಚುಗಾರಿಕೆಯೂ ಇರಲಿಲ್ಲ. "ವಿಷಯ: ಒಡೆದ ಗಂಟಲನ್ನು ಸರಿಪಡಿಸಿಕೊಡುವ ಕುರಿತು. ಮಾನ್ಯರೇ, ತಾಲ್ಲೂಕಿನ ಸ್ಪರ್ಧೆಗೆ ಮೂರು ವಾರ ಇರುವುದರಿಂದ ಅಲ್ಲಿಯವರೆಗಾದರೂ ನನ್ನ ಮೊದಲಿನ ಧ್ವನಿಯನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ಮಂದಿ ನಕ್ಕರೆ ನಾನು ಇನ್ನೆಂದೂ ಹಾಡುವುದಿಲ್ಲ ಎಂದು ತಮ್ಮ ಗಮನಕ್ಕೆ ತರಬಯಸುತ್ತೇನೆ."

ಹನ್ನೊಂದನೆಯ ಚೀಟಿಯಲ್ಲಿ ಮಾತ್ರ ಹೆಸರಿರಲಿಲ್ಲ. ಅದರಲ್ಲಿದ್ದ ಪ್ರಶ್ನೆ ಇಷ್ಟೇ: "ಸರ್, ಹೆಸರು ಬರೆಯದಿದ್ದರೆ ಎಷ್ಟು ಅಂಕ ಕಳೆಯುತ್ತೀರಿ?"

ಗಂಟಲಿನ ವೈದ್ಯರು

ಹುಡುಗನನ್ನು ಒಬ್ಬನೇ ಇರುವಾಗ ಕರೆದು, ಇದು ರೋಗವಲ್ಲ, ಈ ವಯಸ್ಸಿನಲ್ಲಿ ಗಂಡುಮಕ್ಕಳಿಗೆಲ್ಲ ಆಗುವುದು, ಆರು ತಿಂಗಳಲ್ಲೋ ವರ್ಷದಲ್ಲೋ ಹೊಸ ದನಿ ಕೂತುಕೊಳ್ಳುತ್ತದೆ ಎಂದು ವಿವರಿಸಿದೆ. ಅವನು ವಿನಯದಿಂದ ಕೇಳಿ, ಸ್ಪರ್ಧೆ ವರ್ಷದ ಮೇಲಲ್ಲ, ಮೂರು ವಾರಕ್ಕೆ ಐತಿ ಎಂದು ನೆನಪಿಸಿದ. ಬೇಕಾದರೆ ಈ ಸಲ ಬೇರೆಯವರನ್ನು ಕಳಿಸೋಣವೇ ಎಂದೆ. ಅದಕ್ಕೆ ಅವನು ಕಣ್ಣು ತುಂಬಿಕೊಂಡ. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಅಷ್ಟರಲ್ಲಿ ವಿಷಯ ಹಬ್ಬಿತ್ತು. ಬಿಸಿಯೂಟದ ಅಕ್ಕ ದಿನಾ ಒಣಶುಂಠಿ ಬೆಲ್ಲ ಕೊಡತೊಡಗಿದಳು. ದೈಹಿಕ ಶಿಕ್ಷಕರು ಹಸಿ ತತ್ತಿ ಕುಡಿಯಲು ಹೇಳಿದರು. ಅಜ್ಜ ಮೆಣಸಿನ ಕಷಾಯ ಕುಡಿಸಿದ. ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರಂತೆ, ಎಲ್ಲರಿಗಿಂತ ಹೆಚ್ಚು ಕೆಮ್ಮಿದವನು ಇವನು.

ಕಡೆಗೆ ಅಮ್ಮ ಒಂದು ದಿನ ಕೂಲಿ ಬಿಟ್ಟು ಶಾಲೆಗೇ ಬಂದಳು. ದಿನಾ ಮುಂಜಾನೆ ಹಾಡಿಸಿ ಹಾಡಿಸಿ ಮಗನ ಗಂಟಲು ಸವೆಸಿದವನು ನಾನೇ ಎಂಬುದು ಅವಳ ದೂರು. ನಾನು ಸಮಾಧಾನದಿಂದ, ಇದು ವಯಸ್ಸಿನ ಗುಣ ತಾಯಿ, ಅವನ ಅಪ್ಪನಿಗೂ ಆ ವಯಸ್ಸಿನಲ್ಲಿ ಹೀಗೇ ಒಡೆದಿರಬೇಕು ಎಂದೆ.

ಅವಳು ಅಂದಳು: "ಅದಕ್ಕ ಅಂಜಿಕಿ ಆಗೇತ್ರಿ ಸರ್. ಅವರಪ್ಪಂದು ಒಡದದ್ದು ಇನ್ನೂ ಕೂಡಿಲ್ಲ."

ಮಾತು ಬಿಟ್ಟವರು

ಪ್ರಾರ್ಥನೆಯಲ್ಲಿ ಆ ಹುಡುಗನ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಎಂದು ಇಬ್ಬರು ಹುಡುಗಿಯರು ನಿಂತು ಹಾಡುತ್ತಿದ್ದರು. ಒಂದನೇ ತರಗತಿಯಿಂದ ಜೋಡಿಯಾಗಿದ್ದವರು. ಆ ತಿಂಗಳು, ಬಸ್ಸಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ಜಾಗ ಹಿಡಿಯದೆ ಒಂಬತ್ತನೇ ತರಗತಿಯವಳ ಜೊತೆ ಕೂತಳೆಂಬ ಕಾರಣಕ್ಕೆ ಮಾತು ಬಿಟ್ಟಿದ್ದರು. ಮಾತು ಬಿಡುವುದೆಂದರೆ ನಮ್ಮ ಮಕ್ಕಳಲ್ಲಿ ಸುಮ್ಮನಿರುವುದಲ್ಲ. ಮೊದಲಿಗಿಂತ ಹೆಚ್ಚು ಮಾತಿರುತ್ತದೆ, ಅದು ಮೂರನೆಯವರ ಮೂಲಕ ಹೋಗಬೇಕು, ಅಷ್ಟೇ. ಆ ಮೂರನೆಯವನು ನಮ್ಮ ಗಾಯಕ. "ಕೈವಾರ ಕೊಡಬೇಕಂತ ಹೇಳು", "ಮನ್ಯಾಗ ಬಿಟ್ಟು ಬಂದಾಳಂತ ಹೇಳು" ಎಂದು ಇಬ್ಬರ ನಡುವೆ ಕೂತು ದಿನವಿಡೀ ತಲುಪಿಸುತ್ತಿದ್ದ.

ಸ್ಪರ್ಧೆಗೆ ಒಂದು ವಾರ ಇರುವಾಗ ಅವನು ಗಂಟಲು ಉಳಿಸಲು ಪೂರ್ತಿ ಮೌನ ಹಿಡಿದ. ಹಾಜರಿಗೆ ಕೈ ಎತ್ತಿದ. ಪ್ರಶ್ನೆ ಕೇಳಿದರೆ ಬೋರ್ಡಿಗೆ ಬಂದು ಬರೆದ. ಹುಡುಗಿಯರ ಮಾತು ಮಾತ್ರ ನಿಂತುಹೋಯಿತು.

ಎರಡು ದಿನ ತಡೆದುಕೊಂಡು, ಮೂರನೆಯ ದಿನ ಇಬ್ಬರೂ ಬೇರೆಬೇರೆಯಾಗಿ ನನ್ನ ಬಳಿ ಬಂದರು. ಒಳ್ಳೆಯ ಕೆಲಸವೆಂದು ನಾನೇ ಒಪ್ಪಿಕೊಂಡೆ. ಒಬ್ಬಳ ಮಾತನ್ನು ಇನ್ನೊಬ್ಬಳಿಗೆ ಮುಟ್ಟಿಸಿದೆ, ಅವಳ ಉತ್ತರವನ್ನು ಇವಳಿಗೆ ತಂದೆ. ನಾಲ್ಕನೆಯ ಸುತ್ತಿಗೆ ಒಬ್ಬಳು, ನಾನು ಸಿಟ್ಟಿನಿಂದ ಹೇಳಿದ್ದನ್ನು ನೀವು ಪಾಠ ಓದಿದಂತೆ ಹೇಳಿದಿರಿ ಎಂದು ಆಕ್ಷೇಪಿಸಿದಳು. ಇನ್ನೊಬ್ಬಳು, ನಾನು ಹೇಳಿದ್ದರಲ್ಲಿ ಅರ್ಧ ನೀವು ಬಿಟ್ಟಿರಿ ಎಂದಳು. ಅದು ನಿಜ, ಬಿಟ್ಟದ್ದು ಬೈಗುಳ.

ಊಟದ ಬಿಡುವಿನಲ್ಲಿ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. ಕನ್ನಡ ಸರ್ ಮಾತು ಸರಿಯಾಗಿ ಮುಟ್ಟಿಸುವುದಿಲ್ಲವೆಂದು ದೂರು ಬಂದಿದೆ ಎಂದರು. ಯಾರು ಕೊಟ್ಟರೆಂದು ಕೇಳಿದೆ. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಬಂದು ಕೊಟ್ಟು ಹೋಗಿದ್ದರು.

ಒಂಟಿ ಹಾಡು

ಸ್ಪರ್ಧೆ ಯಲಬುರ್ಗಾದಲ್ಲಿತ್ತು. ಗುಂಪುಗಾಯನಕ್ಕೆಂದು ಆ ಇಬ್ಬರು ಹುಡುಗಿಯರು, ಅವರ ಜೊತೆ ಇನ್ನೂ ನಾಲ್ವರು ಬಂದಿದ್ದರು. ಒಂಟಿ ಹಾಡಿಗೆ ಇವನು. ಬಸ್ಸಿನಲ್ಲೂ ಇವನು ಬಾಯಿ ತೆರೆಯಲಿಲ್ಲ, ಕುತ್ತಿಗೆಗೆ ಅಮ್ಮನ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದ. ಏಳು ದಿನದ ಮೌನದ ಒಳಗೆ ಯಾವ ದನಿ ಉಳಿದಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

ತೀರ್ಪುಗಾರರು ಮೂವರು. ನಡುವೆ ಕೂತಿದ್ದ ಹಿರಿಯರು ಅಂಕಪಟ್ಟಿಯಿಂದ ತಲೆ ಎತ್ತುತ್ತಲೇ ಇರಲಿಲ್ಲ. ಎತ್ತಿದರೆ ಮುಂದಿನ ಸಾಲಿನಲ್ಲಿ ಕೂತ ಶಿಕ್ಷಕರೆಲ್ಲ ನಮಸ್ಕಾರ ಮಾಡುತ್ತಾರೆ, ಆಮೇಲೆ ನ್ಯಾಯವಾಗಿ ಅಂಕ ಹಾಕುವುದು ಕಷ್ಟ. ಅನೇಕ ತೀರ್ಪುಗಾರರ ಪದ್ಧತಿ ಇದು.

ಹುಡುಗ ತತ್ವಪದವೊಂದನ್ನು ಎತ್ತಿಕೊಂಡ. ಪಲ್ಲವಿ ಹಳೆಯ ದನಿಯಲ್ಲಿ, ಮೊದಲಿನಷ್ಟೇ ತಿಳಿಯಾಗಿ ಬಂತು. ನಾನು ಉಸಿರು ಬಿಟ್ಟೆ. ಮೊದಲ ಚರಣದಲ್ಲಿ ಮೇಲಕ್ಕೆ ಹೋಗಬೇಕಾದಲ್ಲಿ ದನಿ ಹಗ್ಗ ಜಾರಿದ ಕೊಡದಂತೆ ಕೆಳಗೆ ಬಿತ್ತು. ಕೆಳಗಿನಿಂದ ಬಂದದ್ದು ಎತ್ತು ಹೊಡೆಯುವ ಗಂಡಸಿನ ಗಂಟಲು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾದದ್ದು ನನಗೆ ಕೂತಲ್ಲಿಂದಲೇ ಕಾಣಿಸಿತು. ಇನ್ನು ಇಳಿದುಬಿಡುತ್ತಾನೆ, ಇಳಿದರೆ ಮತ್ತೆ ಹತ್ತುವುದಿಲ್ಲ ಎಂದುಕೊಂಡೆ. ಅವನು ಇಳಿಯಲಿಲ್ಲ. ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ, ಬಂದ ದನಿಯಲ್ಲಿ ಪದ ಪೂರ್ತಿ ಹಾಡಿ ಕೈಮುಗಿದ.

ನಡುವಿನ ಹಿರಿಯರು ತಲೆ ಎತ್ತದೆಯೇ ಮೈಕು ಎಳೆದುಕೊಂಡರು. "ಒಂಟಿ ಹಾಡಿಗೆ ಇಬ್ಬರು ನಿಂದ್ರಂಗಿಲ್ರಿ. ಆ ದೊಡ್ಡ ಹುಡುಗನ್ನ ಕೆಳಗ ಇಳಸ್ರಿ."

ವೇದಿಕೆಯ ಮೇಲೆ ಇದ್ದವನು ಇವನೊಬ್ಬನೇ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಮೈಕಿಗೆ ಬಾಯಿಟ್ಟ.

"ನಾನೊಬ್ಬನ ಅದೀನ್ರಿ" ಎಂದ. "ನಾನೊಬ್ಬನ" ಎಂಬುದು ಮೊದಲಿನ ದನಿಯಲ್ಲಿ ಹೊರಟಿತು, "ಅದೀನ್ರಿ" ಅವರಪ್ಪನ ದನಿಯಲ್ಲಿ ಮುಗಿಯಿತು.

ಹಿರಿಯರು ಆಗ ತಲೆ ಎತ್ತಿದರು. ಸಭೆ ನಗತೊಡಗಿತು, ನಮ್ಮ ಇಬ್ಬರು ಹುಡುಗಿಯರು ಎಲ್ಲರಿಗಿಂತ ಜೋರಾಗಿ. ಹುಡುಗ ಸಭೆಯನ್ನೊಮ್ಮೆ ನೋಡಿ, ತಾನೂ ನಕ್ಕ. ಆ ನಗೆಯಲ್ಲೂ ಎರಡು ದನಿ ಇದ್ದವು.

ಬಹುಮಾನ ಬರಲಿಲ್ಲ. ವಾಪಸು ಬರುವಾಗ ಅವನು ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತಿದ್ದ. ಪಕ್ಕದಲ್ಲಿ ನಾನು ಸಮಾಧಾನದ ಮಾತುಗಳನ್ನು ಒಂದೊಂದಾಗಿ ಯೋಚಿಸಿ, ಒಂದೊಂದಾಗಿ ಕೈಬಿಡುತ್ತಿದ್ದೆ. ಊರು ಹತ್ತಿರ ಬಂದಾಗ ಅವನೇ ನನ್ನ ಕಡೆ ತಿರುಗಿ, ಬಹಳ ಹೊತ್ತು ಲೆಕ್ಕ ಹಾಕಿದವನಂತೆ ಕೇಳಿದ:

"ಸರ್, ಬರೋ ವರ್ಷ ಗುಂಪುಗಾಯನಕ್ಕ ನನ್ನೊಬ್ಬನ ಹೆಸರ ಕೊಟ್ರ ನಡೀತೈತೇನ್ರಿ?"