ಎರಡಕ್ಕಿಂತ ಹೆಚ್ಚು, ನಾಲ್ಕಕ್ಕಿಂತ ಕಡಿಮೆ

ಹಾಲ್ ಟಿಕೆಟ್ಟು ಅಂಗಿಯ ಜೇಬಿನಲ್ಲಿತ್ತು, ಅಂಗಿ ಬಕೆಟ್ಟಿನಲ್ಲಿತ್ತು. ಹೆಂಡತಿ ಹಿಂಡಿ ತೆಗೆದಾಗ ಫೋಟೋ, ನಂಬರು ಉಳಿದಿದ್ದವು. ಪರೀಕ್ಷೆಯ ವೇಳೆ ಮಾತ್ರ ನೊರೆಯ ಜೊತೆ ಹೋಗಿತ್ತು.

"ಜೇಬು ನೋಡಬಾರದಿತ್ತೇನೇ?"

"ಖಾಲಿ ಮಾಡಿ ಹಾಕಬಾರದಿತ್ತೇನ್ರೀ?"

ಗುಮಾಸ್ತನಿಗೆ ಇದು ಮೂರನೆಯ ಬಡ್ತಿ ಪರೀಕ್ಷೆ. ಪಾಸಾದರೆ ಕಕ್ಕಸಿನ ಬಾಗಿಲ ಪಕ್ಕದ ಮೇಜಿನಿಂದ ಕಿಟಕಿ ಪಕ್ಕದ ಮೇಜಿಗೆ. ಹಿಂದೆ ಅವನನ್ನು ಕೆಡವಿದ್ದು 'ಮಾಹಿತಿ ಸಾಕೇ?' ಎಂಬ ಪ್ರಶ್ನೆಗಳು. ಎರಡು ಹೇಳಿಕೆ ಕೊಡುತ್ತಾರೆ. x ಎಷ್ಟೆಂದು ತಿಳಿಯಲು ಅವು ಸಾಕೋ ಸಾಲದೋ ಹೇಳಿದರಾಯಿತು. ಕಳೆದ ಸಲ x + y = 12, 2x + 2y = 24 ಎಂದಿತ್ತು. ಎರಡೂ ಒಂದೇ ಮಾತೆಂದು ಹೊಳೆಯದೆ, ಬಸ್ಸಿನಲ್ಲಿ ಬಿಟ್ಟ ಕೊಡೆ ಹುಡುಕುವವನಂತೆ ಗಂಟೆ ಬಾರಿಸುವವರೆಗೂ xಗಾಗಿ ಅಲೆದಿದ್ದ.

ಪರೀಕ್ಷೆಯ ದಿನ ಬೆಳಿಗ್ಗೆ ಆಫೀಸಿನಲ್ಲಿ ವೇಳೆ ವಿಚಾರಿಸಿದ.

"ನೋಟಿಸ್ ನಾನೇ ಟೈಪ್ ಮಾಡಿದ್ದು ಕಣಪ್ಪ. ಎರಡು ಗಂಟೆ ಮೇಲೇನೇ," ಎಂದಳು ಟೈಪಿಸ್ಟ್ ಅಕ್ಕ.

"ನಾಲ್ಕರೊಳಗೆ ಶುರು, ಅದು ಗ್ಯಾರಂಟಿ," ಎಂದರು ಹೆಡ್ ಕ್ಲರ್ಕ್. "ಒಂದು ಫೋನ್ ಮಾಡಿ ಕೇಳ್ರೀ."

ಗುಮಾಸ್ತನ ಮುಖ ಬೆಳಗಿತು. "ಫೋನ್ ಯಾಕೆ ಸಾರ್? ಎರಡಕ್ಕಿಂತ ಹೆಚ್ಚು, ನಾಲ್ಕಕ್ಕಿಂತ ಕಡಿಮೆ. ಮೂರು! ಎರಡೂ ಹೇಳಿಕೆ ಸೇರಿದ್ರೆ ಸಾಕು!"

"ಅಬ್ಬಾ, ಕೊನೆಗೂ ತಲೆ ಓಡ್ತಲ್ಲಪ್ಪ!" ಆಫೀಸೇ ಚಪ್ಪಾಳೆ ತಟ್ಟಿತು.

ನಿಧಾನವಾಗಿ ಊಟ ಮುಗಿಸಿ, ಮೂರಕ್ಕೆ ಹತ್ತು ನಿಮಿಷವಿರುವಾಗ ಪರೀಕ್ಷೆಯ ಹಾಲ್‌ಗೆ ಹೋದರೆ ಒಳಗೆ ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು.

"ಎರಡೂವರೆಗೇ ಶುರುವಾಯ್ತಲ್ರೀ! ಮೂರು ಅಂತ ಯಾರು ಹೇಳಿದ್ರು?" ಎಂದರು ಮೇಲ್ವಿಚಾರಕಿ.

"ಲೆಕ್ಕ, ಮೇಡಂ."

ಅವರು ಕನಿಕರಪಟ್ಟು ಒಳಗೆ ಬಿಟ್ಟರು.

ಕುಳಿತ ಮೇಲೆ ಅವನಿಗೆ ಜ್ಞಾನೋದಯವಾಯಿತು. ಎರಡು, ನಾಲ್ಕರ ನಡುವೆ ಎರಡೂವರೆಯೂ ಇದೆ, ಮೂರೂಕಾಲೂ ಇದೆ. ಪರೀಕ್ಷೆ ಪೂರ್ಣಾಂಕಕ್ಕೇ ಶುರುವಾಗಬೇಕೆಂದು ಯಾರೂ ಹೇಳಿರಲಿಲ್ಲ! ಏದುಸಿರು ಬಿಡುತ್ತ ಕೊನೆಯ ಪ್ರಶ್ನೆ ತಲುಪಿದರೆ: x > 2, x < 4, x ಎಷ್ಟು?

"ಇನ್ನೊಂದ್ಸಲ ಯಾಮಾರ್ತೀನಾ?" ಎಂದುಕೊಂಡು, 'ಎರಡೂ ಸೇರಿದರೂ ಸಾಲದು' ಎಂಬುದಕ್ಕೆ ಗುರುತು ಹಾಕಿದ.

ಸಂಜೆ ಗೇಟಿಗೆ ಅಂಟಿಸಿದ್ದ ಸರಿಯುತ್ತರಗಳ ಜೊತೆ ತಾಳೆ ನೋಡಿ, ಬುಸುಗುಡುತ್ತ ಮನೆಗೆ ಬಂದ.

"ಒಂದೇ ಅಂಕದಲ್ಲಿ ಹೋಯ್ತು ಕಣೇ! ಕೊನೇ ಪ್ರಶ್ನೆಗೆ 'ಎರಡೂ ಸೇರಿದರೆ ಸಾಕು' ಅಂತ ಹಾಕಿದಾರೆ, ಅವರ ಉತ್ತರವೇ ತಪ್ಪು. ನಾಳೆ ದೂರು ಕೊಡ್ತೀನಿ. ಕಿಟಕಿ ನಂದೇ!"

ಹೆಂಡತಿ ಅವನ ಅಂಗಿಯನ್ನು ಬಕೆಟ್ಟಿಗೆ ಹಾಕಹೋದವಳು ನಿಂತಳು.

"ಈ ಸಲ ಜೇಬು ನೋಡಿದೆ ಕಣ್ರೀ. ಪ್ರಶ್ನೆಪತ್ರಿಕೆ ಇತ್ತು," ಎಂದು ಬಿಡಿಸಿದಳು. "ಕೊನೇ ಪ್ರಶ್ನೆ ತಾನೇ? ಶುರುವಿನಲ್ಲೇ ಏನೋ ಇದೆಯಲ್ಲ: 'x ಒಂದು ಪೂರ್ಣಾಂಕ'. ಹಂಗಂದ್ರೇನ್ರೀ?"

ಗುಮಾಸ್ತ ಬಕೆಟ್ಟನ್ನು ಅವಳ ಕಡೆ ತಳ್ಳಿದ.

"ಅದನ್ನೂ ಅಂಗಿ ಜೊತೆ ನೆನೆಹಾಕಿಬಿಡೇ," ಎಂದ.