ಕಬ್ಬಿಣಕ್ಕೆ ಪ್ರವೇಶವಿಲ್ಲದ ಗೇರುಗುಡ್ಡೆ

ಯಾವ ಕೆಲಸದಲ್ಲಿದ್ದೀರಿ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಮೇಷ್ಟ್ರು, ಡಾಕ್ಟರು, ಬ್ಯಾಂಕಿನವರು, ಜೀಪಿನ ಡ್ರೈವರು ಇವರೆಲ್ಲ ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು, ಪಕ್ಕದವರ ಪ್ರಶ್ನೆಗೆ ಒಂದು ಶಬ್ದ ಹೇಳಿ ಪಲ್ಯಕ್ಕೆ ಕೈ ಹಾಕುತ್ತಾರೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಪಾಯಸ ಮುಂದಿನ ಸಾಲಿಗೆ ಹೋಗಿರುತ್ತದೆ. ನನ್ನ ಕೆಲಸ ನೆಲದಡಿಯ ಬಂಡೆಯ ಸ್ವಭಾವವನ್ನು ಅಗೆಯದೆ ತಿಳಿಯುವುದು. ಕೆಳಗೆ ಭಾರದ ಕಲ್ಲಿದ್ದರೆ ಭೂಮಿ ನಮ್ಮನ್ನು ಕೂದಲೆಳೆಯಷ್ಟು ಹೆಚ್ಚು ಎಳೆಯುತ್ತದೆ, ಹಗುರ ಕಲ್ಲಿದ್ದರೆ ಕಡಿಮೆ. ಕೆಲವು ಕಲ್ಲುಗಳಲ್ಲಿ ಅಯಸ್ಕಾಂತದ ಗುಣ ಜಾಸ್ತಿ, ಕೆಲವುಗಳಲ್ಲಿ ಇಲ್ಲವೇ ಇಲ್ಲ. ಈ ಹೆಚ್ಚುಕಡಿಮೆಗಳನ್ನು ಊರೂರು ತಿರುಗಿ ಅಳೆದು ನಕ್ಷೆ ಮಾಡುವವನು ನಾನು. ಇದನ್ನು ಮದುವೆಯಾದ ಹೊಸತರಲ್ಲಿ ಪುತ್ತೂರಿನ ಮನೆಯಲ್ಲಿ ಹೆಂಡತಿಗೆ ವಿವರವಾಗಿ ಹೇಳಿದ್ದೆ. ಪೂರ್ತಿ ಕೇಳಿಸಿಕೊಂಡು ಅವಳು, "ನೆಲದ ಒಳಗಿದ್ದದ್ದು ನಿಮಗೆ ಕಾಣ್ತದೆ, ಫ್ರಿಜ್ಜಿನ ಒಳಗಿದ್ದ ಮಜ್ಜಿಗೆ ಕಾಣುದಿಲ್ಲ" ಎಂದಳು. ಆಮೇಲೆ ನಾನು ವಿವರಿಸಲು ಹೋಗಿಲ್ಲ.

ಊರಿನವರು ನನ್ನನ್ನು ತಮಗೆ ಬೇಕಾದವನನ್ನಾಗಿ ಮಾಡಿಕೊಂಡಿದ್ದಾರೆ. ಕಡಬದ ಕಡೆ ನಾನು ಬೋರ್‌ವೆಲ್ಲಿಗೆ ಜಾಗ ತೋರಿಸುವವನು. "ನಮ್ಮಲ್ಲಿ ನೀರು ಉಂಟಾ ಮಾರಾಯ್ರೆ?" ಎನ್ನದೆ ಯಾರೂ ನನ್ನನ್ನು ಗೇಟು ದಾಟಲು ಬಿಟ್ಟಿಲ್ಲ. ನನಗೆ ಗೊತ್ತಿಲ್ಲ ಎಂದರೆ, ಗೊತ್ತಿದ್ದೂ ಹೇಳದ ದೊಡ್ಡ ಮನುಷ್ಯ ಎಂದು ಇನ್ನೊಂದು ಲೋಟ ಬೆಲ್ಲದ ಕಾಫಿ ಕೊಡುತ್ತಾರೆ. ಗುರುತ್ವ ಅಳೆಯುವ ಯಂತ್ರ ಬಹಳ ನಾಜೂಕಿನದು. ಜೀಪಿನಲ್ಲಿ ಹೋಗುವಾಗ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ನಾನು ಅದನ್ನು ಕೆಳಗಿಡದೆ ಒಂದೇ ಕೈಯಲ್ಲಿ ಗೋಳಿಬಜೆ ತಿನ್ನುತ್ತಿದ್ದುದನ್ನು ನೋಡಿ ಹೋಟೆಲಿನಾತ, "ಎಂತ, ಮೊಟ್ಟೆಯಾ?" ಎಂದು ಕೇಳಿದ. ಹೌದೆಂದೆ. ಅಂದಿನಿಂದ ನನಗೆ ಅಲುಗಾಡದ ಬೆಂಚು ಮೀಸಲು. ಇಂಥ ಉಪಕಾರಗಳನ್ನೆಲ್ಲ ನಮ್ಮ ನಕ್ಷೆಯ ಯಾವ ಮೂಲೆಯಲ್ಲೂ ತೋರಿಸಲು ಬರುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅಯಸ್ಕಾಂತದ ಅಳತೆಯ ಕಷ್ಟ ಬೇರೆ. ಅದಕ್ಕೆ ಕಬ್ಬಿಣ ಆಗದು. ಅಳೆಯುವವನ ಮೈಮೇಲೆ ಬೀಗದ ಕೈ, ಬೆಲ್ಟು, ಮೊಬೈಲು, ಒಂದು ಪಿನ್ನು ಸಹ ಇರಬಾರದು. ಪ್ಯಾಂಟಿನ ಜಿಪ್ಪಿನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಹಾಗಾಗಿ ವಿಜ್ಞಾನ ಇಷ್ಟು ಮುಂದುವರಿದ ಕಾಲದಲ್ಲಿ ನಾನು ಪಂಚೆ ಉಟ್ಟು, ರಬ್ಬರ್ ಚಪ್ಪಲಿ ಮೆಟ್ಟಿ, ತುದಿಯಲ್ಲಿ ಡಬ್ಬವಿರುವ ಕೋಲು ಹಿಡಿದು ಗುಡ್ಡ ಹತ್ತುತ್ತೇನೆ. ಇದಲ್ಲದೆ ಇನ್ನೊಂದು ತಾಪತ್ರಯವಿದೆ. ಭೂಮಿಯ ಅಯಸ್ಕಾಂತ ಶಕ್ತಿ ಬಿಸಿಲೇರಿದಂತೆ ತಾನೇ ಏರಿಳಿಯುತ್ತದೆ. ಆದ್ದರಿಂದ ಒಬ್ಬ ತಿರುಗಿ ಅಳೆಯುವಾಗ, ಇನ್ನೊಂದು ಯಂತ್ರ ಒಂದೇ ಕಡೆ ಕದಲದೆ ನಿಂತು ಆ ಏರಿಳಿತವನ್ನು ಬರೆದುಕೊಳ್ಳುತ್ತಿರಬೇಕು. ಕೊನೆಗೆ ತಿರುಗಿ ಅಳೆದದ್ದರಿಂದ ನಿಂತದ್ದರ ಏರಿಳಿತವನ್ನು ಕಳೆಯುವುದು. ನಿಂತ ಯಂತ್ರದ ಸುತ್ತ ಕರೆಂಟಿನ ತಂತಿ, ವಾಹನ, ಕಬ್ಬಿಣ ಯಾವುದೂ ಸುಳಿಯಬಾರದು. ಅಂಥ ಜಾಗ ಹುಡುಕುತ್ತಾ ಹುಡುಕುತ್ತಾ ನಾವು ತಲುಪಿದ್ದು ಮರ್ಕಂಜದ ಬಾಲಣ್ಣ ಗೌಡರ ಗೇರುಗುಡ್ಡೆಗೆ.

ಬಾಲಣ್ಣನವರು ಒಪ್ಪಿದರು. ಆದರೆ ಅವರ ಒಪ್ಪಿಗೆಗೆ ಆ ಮನೆಯಲ್ಲಿ ಅಂಥ ಬೆಲೆಯೇನೂ ಇರಲಿಲ್ಲ. ಅವರ ಹೆಂಡತಿ ದೇವಕಿಯಕ್ಕ ಒಪ್ಪಬೇಕಿತ್ತು. ನಾನು ಅಯಸ್ಕಾಂತದ ಪಾಠ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದು, "ಗೊತ್ತಾಯ್ತು ಬಿಡಿ. ಅದಕ್ಕೆ ಕಬ್ಬಿಣ ಮೈಲಿಗೆ, ಅಷ್ಟೇ ಅಲ್ವಾ?" ಎಂದರು. ನಾನು ಇಷ್ಟು ವರ್ಷ ಹೇಳಲು ಒದ್ದಾಡಿದ್ದು ಅಷ್ಟೇ. ಗುಡ್ಡೆಯ ನೆತ್ತಿಯನ್ನು ಇಂಚಿಂಚೂ ಪರೀಕ್ಷಿಸಿ, ಶುದ್ಧವಾಗಿದೆ ಎಂದು ಖಾತ್ರಿ ಮಾಡಿಕೊಂಡು, ಏರಿಳಿತವನ್ನು ಹೋಲಿಸಲು ಒಂದು ಮೂಲ ಅಳತೆ ತೆಗೆದು, ನಿಲ್ಲುವ ಯಂತ್ರದ ಕೋಲು ನೆಟ್ಟೆವು. ಅಷ್ಟರಲ್ಲಿ ದೇವಕಿಯಕ್ಕ ಊಟಕ್ಕೆ ಕರೆದರು. ಬಿಸಿ ಅನ್ನ, ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಉಪ್ಪಿನಕಾಯಿ. ಉಂಡು ಬಂದು ಯಂತ್ರ ಚಾಲೂ ಮಾಡಿದೆವು.

ಅಂದಿನಿಂದ ದೇವಕಿಯಕ್ಕ ಆ ಗುಡ್ಡೆಯಲ್ಲಿ ನಡೆಸಿದ ಆಡಳಿತವನ್ನು ನಾನು ಯಾವ ಸರಕಾರಿ ಕಚೇರಿಯಲ್ಲೂ ಕಂಡಿಲ್ಲ. ಬಾಲಣ್ಣನವರು ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಳ್ಳದೆ ಮನೆಯಿಂದ ಹೊರಗೆ ಕಾಲಿಟ್ಟವರಲ್ಲ. "ಅಲ್ಲಿ ಮಿಷನ್ ಉಟ್ಟು, ಕತ್ತಿ ಇಲ್ಲೇ ಇಡಿ" ಎಂದು, 'ಉಂಟು' ಎಂಬುದು 'ಉಟ್ಟು' ಆಗುವ ಅರೆಭಾಷೆಯಲ್ಲಿ ಒಂದು ಅಪ್ಪಣೆ ಬಿತ್ತು. ಪಾಪ, ಅವರು ಬರೀ ಸೊಂಟದಲ್ಲಿ ಗುಡ್ಡೆ ಹತ್ತುವಾಗ ಏನೋ ಉಡಲು ಮರೆತವರಂತೆ ಸಂಕೋಚದಿಂದ ನಡೆಯುತ್ತಿದ್ದರು. ಮೀನು ಮಾರುವ ಹಮೀದಾಕ ಸ್ಕೂಟರನ್ನು ತೋಡಿನ ಕಾಲುಸಂಕದಿಂದ ಆಚೆಗೇ ನಿಲ್ಲಿಸಿ, ತಕ್ಕಡಿಯನ್ನೂ ಅಲ್ಲೇ ಬಿಟ್ಟು, ಬಂಗುಡೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೈಯಂದಾಜಿನಲ್ಲಿ ತರಬೇಕಾಯಿತು. ದೇವಕಿಯಕ್ಕನಿಗೆ ತೂಕದಲ್ಲಿ ಅನುಮಾನ, ಹಮೀದಾಕನಿಗೆ ಅನುಮಾನಪಟ್ಟರಲ್ಲ ಎಂಬ ಬೇಸರ. "ತಕ್ಕಡಿ ಬೇಡ ಹೇಳಿದ್ದು ನೀವೇ ಅಲ್ವಾ ಅಕ್ಕ" ಎಂದು ಅವರು ನನ್ನತ್ತ ನೋಡುತ್ತಿದ್ದರು. ಕೊನೆಗೆ ಜಗಳವೇ ಬೇಡವೆಂದು ಪ್ರತಿ ಸಲ ಎರಡು ಬಂಗುಡೆ ಹೆಚ್ಚಿಗೇ ಹಾಕತೊಡಗಿದರು. ಬುಲೆಟ್ಟಿನಲ್ಲಿ ಬಂದ ಬಾಲಣ್ಣನವರ ಭಾವನೊಬ್ಬರನ್ನು ರಸ್ತೆಯಲ್ಲೇ ಇಳಿಸಿ ಬಿಸಿಲಲ್ಲಿ ನಡೆಸಿದಾಗ ಅವರು, "ಇದೆಂತ ಮಾರಾಯ್ರೆ, ನಮ್ಮ ದೈವಕ್ಕೂ ಇಷ್ಟು ಮಡಿ ಇಲ್ಲ" ಎಂದು ಬೆವರೊರೆಸಿಕೊಂಡರು. ನನಗೆ ನಾಚಿಕೆಯೂ ಆಗುತ್ತಿತ್ತು, ಕಣ್ಣು ತುಂಬಿಯೂ ಬರುತ್ತಿತ್ತು. ಯಾರದೋ ನಕ್ಷೆಗಾಗಿ ಒಂದು ಮನೆ ತನ್ನ ದಿನಚರಿಯನ್ನೇ ಬದಲಿಸಿಕೊಳ್ಳುವುದು ಸಣ್ಣ ಮಾತಲ್ಲ.

ಬೇಸಗೆ ಹೀಗೆ ಕಳೆಯಿತು. ಸಂಪಾಜೆಯಿಂದ ಹಿಡಿದು ಕೇರಳದ ಗಡಿಯವರೆಗೆ ನಡೆದೆವು. ಗಡಿಯ ಆಚೆಗೆ ಕಾಸರಗೋಡಿನ ಕಡೆ ಇನ್ನೊಂದು ತಂಡ ಅಳೆಯುತ್ತಿತ್ತು. ಅದರ ಮುಖ್ಯಸ್ಥೆ ಶ್ರೀಜಾ ಮೇಡಂ. ಮಳೆಗೆ ಮೊದಲು ಎರಡು ನಕ್ಷೆಗಳನ್ನು ಗಡಿಯಲ್ಲಿ ಹೊಲಿದು ಒಂದು ಮಾಡಬೇಕೆಂದು ಮೇಲಿನವರ ಆದೇಶ. ಮೇ ತಿಂಗಳ ಕೊನೆಗೆ ಸುಳ್ಯದ ಲಾಡ್ಜೊಂದರ ಕೋಣೆಯಲ್ಲಿ ಹೊಲಿಯಲು ಕೂತೆವು. ಗುರುತ್ವದ ನಕ್ಷೆಗಳು ಬೀಗರ ಹಾಗೆ ಕೈಕುಲುಕಿಕೊಂಡು ಕೂಡಿದವು. ಅಯಸ್ಕಾಂತದ್ದು ಮಾತ್ರ ಕೂಡಲಿಲ್ಲ. ಸರಿಯಾಗಿ ರಾಜ್ಯದ ಗಡಿಯುದ್ದಕ್ಕೂ ನಮ್ಮ ಕಡೆಯದ್ದು ಒಂದು ಮೆಟ್ಟಿಲು ಕೆಳಗಿತ್ತು. ಭಾಷಾವಾರು ಪ್ರಾಂತ ರಚನೆ ಬಂಡೆಗಲ್ಲಿಗೂ ತಲುಪಿದೆ ಎಂದು ನಾನು ನಗಲು ನೋಡಿದೆ. ಯಾರೂ ನಗಲಿಲ್ಲ. "ಕಲ್ಲು ಎರಡೂ ಕಡೆ ಒಂದೇ ಮಾರಾಯ್ರೆ. ನಿಮ್ಮ ಕರ್ನಾಟಕ ಮಾತ್ರ ಎಂತಕ್ಕೆ ಗುಂಡಿಗೆ ಬಿತ್ತು?" ಎಂದರು ಶ್ರೀಜಾ ಮೇಡಂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಪಂಚೆಯ ಮಡಿಕೆಗೆ ಹೋಯಿತು, ಎಲ್ಲಾದರೂ ಬೀಗದ ಕೈ ಉಳಿದಿತ್ತೇ ಎಂದು. ತಪ್ಪು ಯಾರದೆಂದು ಸಿಗದಿದ್ದರೆ ಇಡೀ ಬೇಸಗೆಯ ಅಳತೆ ರದ್ದು, ಮುಂದಿನ ವರ್ಷ ಮೊದಲಿನಿಂದ ನಡೆಯಬೇಕು ಎಂದು ಮೇಲಿನಿಂದ ಫೋನು ಬಂತು. ಕಿಟಕಿಯ ಹೊರಗೆ ಮೋಡ ಕಟ್ಟುತ್ತಿತ್ತು. ಮತ್ತೆ ಅಷ್ಟೂ ಗುಡ್ಡ ಹತ್ತುವುದಕ್ಕಿಂತ ಹೆಚ್ಚಾಗಿ, ಬಾಲಣ್ಣನವರ ಕತ್ತಿಯನ್ನು ಇನ್ನೊಂದು ಬೇಸಗೆ ಬಿಚ್ಚಿಸಲು ಯಾವ ಮುಖ ಹೊತ್ತು ಹೋಗಲಿ ಎಂದು ನನಗೆ ಸಂಕಟವಾಯಿತು.

ಮೊದಲು ನಿಮ್ಮ ನಿಂತ ಯಂತ್ರವನ್ನು ನೋಡೋಣ ಎಂದರು ಶ್ರೀಜಾ ಮೇಡಂ. ಅಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ, ಅಲ್ಲಿ ದೇವಕಿಯಕ್ಕ ಇದ್ದಾರೆ ಎಂದು ಜಂಬದಿಂದಲೇ ಕರೆದುಕೊಂಡು ಹೋದೆ. ಮೇಡಂ ತಮ್ಮ ಯಂತ್ರ ಹಿಡಿದು ಕೋಲಿನ ಸುತ್ತ ನಡೆದರು. ಹತ್ತಿರ ಬಂದಂತೆ ಅಂಕಿ ಏರಿತು. ಇನ್ನೂ ಹತ್ತಿರ, ಇನ್ನೂ ಏರಿತು. ಕೋಲಿನ ಬುಡದ ತರಗೆಲೆ ಸರಿಸಿ, ಮರದ ಗೂಟದಿಂದ ಒಂದು ಗೇಣು ಕೆದಕಿದೆವು. ಹಳೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ, ಹಿಡಿಯಿಲ್ಲದ, ದಪ್ಪನೆಯ ಒಂದು ಮೋಟು ಕತ್ತಿ ಹೊರಗೆ ಬಂತು. ದೇವಕಿಯಕ್ಕ ಮಜ್ಜಿಗೆ ತಂದವರು ಅಲ್ಲೇ ನಿಂತರು.

"ಅದನ್ನು ಎಂತಕ್ಕೆ ತೆಗೆದದ್ದು? ಅದು ನಾನೇ ಇಟ್ಟದ್ದು" ಎಂದರು.

"ಯಾವಾಗ ಅಕ್ಕ?"

"ಮೊದಲ ದಿನವೇ. ನೀವೆಲ್ಲ ಊಟಕ್ಕೆ ಕೂತಿದ್ರಲ್ಲ, ಆಗ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನಿಂತು ಅದನ್ನೇ ನೋಡ್ತಾರೆ. ಅಷ್ಟು ಚಂದದ ಮಿಷನ್. ದೃಷ್ಟಿ ಆಗುದಿಲ್ವಾ?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. "ಅಲ್ಲ ಅಕ್ಕ, ಕಬ್ಬಿಣ ಆಗದು ಅಂತ ನೀವೇ ಇಡೀ ಊರಿಗೆ ಹೇಳಿದ್ದಲ್ವಾ?" ಎಂದೆ.

"ಅದು ಕಂಡಕಂಡವರ ಕಬ್ಬಿಣ. ಇದು ಕಾಯುವ ಕಬ್ಬಿಣ" ಎಂದರು ದೇವಕಿಯಕ್ಕ, ಇಷ್ಟು ಓದಿದವನಿಗೆ ಇದೂ ಗೊತ್ತಿಲ್ಲವೇ ಎಂಬ ಮುಖದಲ್ಲಿ. "ನನ್ನ ಮೂರು ಮಕ್ಕಳ ತೊಟ್ಟಿಲ ಅಡಿಯಲ್ಲಿ ಇದೇ ಇದ್ದದ್ದು. ಒಂದಕ್ಕೂ ಏನೂ ಆಗ್ಲಿಲ್ಲ. ಯಾರಿಗೂ ಕೊಟ್ಟದ್ದಲ್ಲ ಇದು. ನಿಮ್ಮ ಮಿಷನಿಗೆ ಅಂತ ಕೊಟ್ಟದ್ದು."

ಹೆರಿಗೆಯಾದ ಮನೆಯಲ್ಲಿ ಮಗುವಿನ ಬಳಿ ಕಬ್ಬಿಣ ಇಡುವುದನ್ನು ನಾನೂ ನೋಡಿಯೇ ಬೆಳೆದವನು. ನನ್ನ ತೊಟ್ಟಿಲಿನ ಅಡಿಯಲ್ಲೂ ಒಂದು ಇದ್ದಿರಬೇಕು. ಆದರೆ ಮೋಡ ನೆತ್ತಿಗೆ ಬಂದಿತ್ತು, ಇಡೀ ಬೇಸಗೆ ಈ ಒಂದು ತುಂಡಿನ ಮೇಲೆ ತೂಗುತ್ತಿತ್ತು. ಶ್ರೀಜಾ ಮೇಡಂ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಇಬ್ಬರ ತಲೆಯಲ್ಲೂ ಒಂದೇ ಪ್ರಶ್ನೆ. ಕತ್ತಿ ಆಗೊಮ್ಮೆ ಈಗೊಮ್ಮೆ ಬಂದುಹೋಗಿದ್ದರೆ ನಮ್ಮ ಲೆಕ್ಕ ಮುಳುಗಿದಂತೆಯೇ, ಯಾವ ದಿನ ಎಷ್ಟು ತಪ್ಪೆಂದು ದೇವರಿಗೂ ತಿಳಿಯದು. ಇಟ್ಟಲ್ಲೇ ಇದ್ದಿದ್ದರೆ ದಿನವೂ ಒಂದೇ ಪ್ರಮಾಣದಲ್ಲಿ ಹೆಚ್ಚು ಕಳೆದಿದ್ದೇವೆ, ಎಲ್ಲ ದಿನದ ತಪ್ಪೂ ಒಂದೇ. ಕತ್ತಿ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅಳೆದರೆ ಅದು ಎಷ್ಟೆಂದು ಸಿಗುತ್ತದೆ, ಅಷ್ಟನ್ನು ಎಲ್ಲದಕ್ಕೂ ಸೇರಿಸಿದರಾಯಿತು.

"ಅಕ್ಕ, ಸ್ವಲ್ಪ ನೆನಪು ಮಾಡಿ ಹೇಳಿ. ಮಧ್ಯೆ ಯಾವತ್ತಾದರೂ ಇದನ್ನು ತೆಗೆದು ನೋಡಿದ್ದು, ಆಚೆ ಈಚೆ ಇಟ್ಟದ್ದು ಉಂಟಾ?" ಎಂದು ಕೇಳಿದೆ.

ದೇವಕಿಯಕ್ಕನಿಗೆ ನಿಜವಾಗಿ ಕೋಪ ಬಂತು. "ಕಾಯಲಿಕ್ಕೆ ಇಟ್ಟದ್ದನ್ನು ಯಾರಾದರೂ ಅಲ್ಲಾಡಿಸ್ತಾರಾ? ಮೂರು ಮಕ್ಕಳನ್ನು ಸಾಕಿದವಳು ನಾನು."

ನಾನು ಅಲ್ಲೇ ತರಗೆಲೆಯ ಮೇಲೆ ಕೂತುಬಿಟ್ಟೆ. ಶ್ರೀಜಾ ಮೇಡಂ ದೇವಕಿಯಕ್ಕನ ಕೈಯಿಂದ ಮಜ್ಜಿಗೆ ತೆಗೆದುಕೊಂಡು, ಒಂದೇ ಉಸಿರಿಗೆ ಕುಡಿದು, ಮಲಯಾಳದಲ್ಲಿ ಅವರಿಗೆ ಏನೋ ಹೇಳಿ ಕೈ ಮುಗಿದರು. ಅಳೆದೆವು. ಗಡಿಯ ಮೆಟ್ಟಿಲು ಎಷ್ಟಿತ್ತೋ ಕತ್ತಿಯ ಲೆಕ್ಕವೂ ಅಷ್ಟೇ ಇತ್ತು. ಅಂದು ಸಂಜೆ ಗೌಡರ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಅಷ್ಟನ್ನು ಸೇರಿಸಿದಾಗ ನಮ್ಮ ಕರ್ನಾಟಕ ಗುಂಡಿಯಿಂದ ಎದ್ದು ಕೇರಳದ ಪಕ್ಕ ಸಮನಾಗಿ ನಿಂತಿತು. ಒಂದೇ ಬಂಡೆ ಆ ಕಡೆಯಿಂದ ಈ ಕಡೆಗೆ ಯಾವ ಚೆಕ್‌ಪೋಸ್ಟೂ ಇಲ್ಲದೆ ನಡೆದು ಬಂತು. ಬಾಲಣ್ಣನವರು ಪರದೆಯ ಬಣ್ಣ ನೋಡಿ, "ಇದರಲ್ಲಿ ನಮ್ಮ ಗುಡ್ಡೆ ಯಾವುದು?" ಎಂದು ಕೇಳಿದರು. ತೋರಿಸಿದೆ. "ಹ್ಞಾಂ, ಸರಿ ಉಂಟು" ಎಂದರು.

ಗಡಿಯ ಬಳಿ ಇನ್ನೂ ಸ್ವಲ್ಪ ಕೆಲಸ ಉಳಿದಿತ್ತು, ಯಂತ್ರ ಇನ್ನೂ ಒಂದಷ್ಟು ದಿನ ಗುಡ್ಡೆಯಲ್ಲಿ ನಿಲ್ಲಬೇಕಿತ್ತು. ಈಗ ಕತ್ತಿಯನ್ನು ದೇವಕಿಯಕ್ಕನಿಗೆ ಹಿಂದೆ ಕೊಟ್ಟುಬಿಡಿ ಎಂದರು ಶ್ರೀಜಾ ಮೇಡಂ. ನಾನು ಗಂಭೀರವಾಗಿ, ಇಡೀ ಬೇಸಗೆಯ ಅಳತೆ ಒಂದೇ ಸ್ಥಿತಿಯಲ್ಲಿ ಇರಬೇಕು, ಕೊನೆಯ ನಾಲ್ಕು ದಿನಕ್ಕೆ ಬೇರೆ ಲೆಕ್ಕ ಹಾಕುವುದು ಶಾಸ್ತ್ರೀಯವಲ್ಲ, ಆದ್ದರಿಂದ ಅದು ಇದ್ದಲ್ಲಿಯೇ ಇರುವುದು ಒಳ್ಳೆಯದು ಎಂದೆ. ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. "ಕಾರಣ ಅದೇ ಅಲ್ವಾ?" ಎಂದರು. ಅದೇ ಎಂದೆ. ಕತ್ತಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಒಬ್ಬನೇ ಗುಡ್ಡೆ ಹತ್ತಿ, ತೆಗೆದ ಜಾಗದಲ್ಲೇ, ತೆಗೆದ ದಿಕ್ಕಿನಲ್ಲೇ ಇಟ್ಟು ಮಣ್ಣು ಮುಚ್ಚಿ ಬಂದೆ. ವಿಜ್ಞಾನದ ಕೆಲಸವನ್ನು ವಿಜ್ಞಾನದ ರೀತಿಯಲ್ಲೇ ಮಾಡಿ ಮುಗಿಸಿದ ಸಮಾಧಾನವಿತ್ತು. ಅಂಗಳಕ್ಕೆ ಕಾಲಿಡುವಾಗ ದೇವಕಿಯಕ್ಕ ನನ್ನ ಕಾಲಿನ ಕಡೆ ನೋಡಿ, "ಚಪ್ಪಲಿ ಗುಡ್ಡೆಯಲ್ಲೇ ಬಿಚ್ಚಿಟ್ಟು ಬಂದ್ರಲ್ಲ" ಎಂದರು.